ಹಳೆಯ ಯಂತ್ರಕ್ಕೆ ಹೊಸ ಕಲಾಯಿ

ನಮ್ಮವರು ಲ್ಯಾಪ್‌ಟಾಪಿಗೆ ಓಎಸ್ 'ಹಾಕಿಸುತ್ತಾರೆ'. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದ ಹಾಗೆ, ಸವೆದ ಚಪ್ಪಲಿಗೆ ಅಟ್ಟೆ ಹಾಕಿಸಿದ ಹಾಗೆ, ಬಳಸಿದ ವಸ್ತುವನ್ನು ಮತ್ತೆ ಬಳಕೆಗೆ ತರುವ ಕೆಲಸಗಳಲ್ಲಿ ಇದೂ ಒಂದೆಂದು ನಮ್ಮ ಆಡುಮಾತು ಯಾವ ಸಮಿತಿಯನ್ನೂ ಕೇಳದೆ ತೀರ್ಮಾನಿಸಿಬಿಟ್ಟಿದೆ. ಪದವೇನೋ ಚೆನ್ನಾಗಿದೆ, ಆದರೆ ಒಂದು ವ್ಯತ್ಯಾಸವುಂಟು. ಪಾತ್ರೆಗೆ ಕಲಾಯಿ ಹಾಕಿಸುವಾಗ ಅದನ್ನು ಮಾಡಿದ ಕಂಚುಗಾರನ ಅಪ್ಪಣೆಯನ್ನು ಯಾರೂ ಬೇಡುವುದಿಲ್ಲ. ಪಾತ್ರೆ ಕೈ ಬದಲಾಯಿಸಿದ ಕೂಡಲೆ ಅದರ ಮೇಲಣ ಹಕ್ಕೂ ಬದಲಾಯಿಸುತ್ತದೆ. ಕಂಪ್ಯೂಟರಿನ ವಿಷಯದಲ್ಲಿ ಈ ಹಕ್ಕು ಹುಟ್ಟಿನೊಂದಿಗೆ ಬಂದದ್ದಲ್ಲ. ಎಪ್ಪತ್ತು ವರ್ಷಗಳ ಅವಧಿಯಲ್ಲಿ, ಅನೇಕರ ಪ್ರಯತ್ನದಿಂದಲೂ ಕೆಲವು ಆಕಸ್ಮಿಕಗಳಿಂದಲೂ ಒದಗಿಬಂದದ್ದು. ಅದು ಬಂದ ಬಗೆಯನ್ನೂ ಈಗ ಅದಕ್ಕೆ ಒದಗಿರುವ ಸ್ಥಿತಿಯನ್ನೂ ಇಲ್ಲಿ ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ.

ಆಪರೇಟಿಂಗ್ ಸಿಸ್ಟಂ ಎಂದರೆ ಯಂತ್ರದ ಪಾರುಪತ್ಯಗಾರ. ಕೀಲಿಮಣೆಯಿಂದ ಬಂದ ಅಕ್ಷರವನ್ನು ಬರಮಾಡಿಕೊಳ್ಳುವುದು, ಪರದೆಗೆ ಕಳುಹಿಸುವುದು, ಡಿಸ್ಕಿನಲ್ಲಿ ಯಾವುದು ಎಲ್ಲಿದೆಯೆಂದು ಲೆಕ್ಕವಿಡುವುದು, ಏಕಕಾಲಕ್ಕೆ ನಡೆಯುವ ಹತ್ತು ಕೆಲಸಗಳಿಗೆ ಸರದಿ ಹಂಚುವುದು, ಇವೆಲ್ಲ ಅದರ ಹೊಣೆ. ಆದ್ದರಿಂದ ಯಂತ್ರದ ಒಡೆಯನಾರು ಎಂಬ ಪ್ರಶ್ನೆ ಕೊನೆಗೆ ಈ ಪಾರುಪತ್ಯಗಾರನನ್ನು ನೇಮಿಸುವವನಾರು, ತೆಗೆಯುವವನಾರು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

*

ಮೊದಮೊದಲು ಕಂಪ್ಯೂಟರುಗಳಿಗೆ ಇಂಥ ಪಾರುಪತ್ಯಗಾರನೇ ಇರಲಿಲ್ಲ. ಒಬ್ಬರ ಲೆಕ್ಕ ಮುಗಿದ ಮೇಲೆ ಇನ್ನೊಬ್ಬರು ತಮ್ಮ ಕಾರ್ಡುಗಳನ್ನೂ ಟೇಪುಗಳನ್ನೂ ಜೋಡಿಸಿಕೊಳ್ಳುವವರೆಗೆ, ಅಷ್ಟು ದುಬಾರಿಯ ಯಂತ್ರ ಸುಮ್ಮನೆ ಕುಳಿತಿರುತ್ತಿತ್ತು. ಈ ನಷ್ಟವನ್ನು ತಪ್ಪಿಸಲು ಅಮೆರಿಕದ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳವರು 1956ರಲ್ಲಿ ಐಬಿಎಂ 704 ಯಂತ್ರಕ್ಕಾಗಿ ಒಂದು ವ್ಯವಸ್ಥೆಯನ್ನು ಬರೆದರು. ಒಂದು ಕೆಲಸ ಮುಗಿದೊಡನೆ ಮುಂದಿನದನ್ನು ತಾನೇ ಎತ್ತಿಕೊಳ್ಳುತ್ತಿದ್ದ ಇದನ್ನು ಆಪರೇಟಿಂಗ್ ಸಿಸ್ಟಂಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಇದನ್ನು ಬರೆದವರು ಯಂತ್ರ ತಯಾರಿಸಿದವರಲ್ಲ, ಬಳಸಿದವರು. ಅವರು ಇದನ್ನು ಮಾರಲೂ ಇಲ್ಲ. 1955ರಲ್ಲಿ ಬಳಕೆದಾರರು 'ಶೇರ್' ಎಂಬ ಸಂಘವೊಂದನ್ನು ಕಟ್ಟಿಕೊಂಡು, ನೆರೆಹೊರೆಯವರು ಹೆಪ್ಪಿಗೆ ಮೊಸರು ಕೊಟ್ಟು ತೆಗೆದುಕೊಳ್ಳುವಂತೆ, ತಂತಮ್ಮ ತಂತ್ರಾಂಶಗಳನ್ನು ಹಂಚಿಕೊಳ್ಳುತ್ತಿದ್ದರು. ಯಂತ್ರಗಳಲ್ಲಿ ಹೆಚ್ಚಿನವು ಬಾಡಿಗೆಯವು. ತಂತ್ರಾಂಶಕ್ಕೆ ಬೇರೆ ಬೆಲೆಯೆಂಬುದು ಇರಲಿಲ್ಲ.

ಬೆಲೆ ಬಂದದ್ದು 1969ರಲ್ಲಿ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಸರ್ಕಾರ ಐಬಿಎಂ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತ್ತು. ಜೂನ್ 23ರಂದು ಕಂಪೆನಿ, ಇನ್ನು ಮುಂದೆ ತಂತ್ರಾಂಶ, ತರಬೇತಿ, ಸೇವೆಗಳಿಗೆ ಯಂತ್ರದಿಂದ ಪ್ರತ್ಯೇಕವಾಗಿ ದರ ವಿಧಿಸುವುದಾಗಿ ಸಾರಿತು. ಆಪರೇಟಿಂಗ್ ಸಿಸ್ಟಂನ ಮೂಲಭಾಗಗಳು ಇನ್ನೂ ಕೆಲಕಾಲ ಯಂತ್ರದೊಂದಿಗೇ ಉಳಿದುವಾದರೂ ದೇಹ ಬೇರೆ, ಪ್ರಾಣ ಬೇರೆ ಎಂಬ ವಿಂಗಡಣೆ ಅಲ್ಲಿಂದ ವ್ಯಾಪಾರದ ಮಾತಾಯಿತು. ಅದೇ ವರ್ಷ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ವ್ಯವಸ್ಥೆಗೆ ಕೈಹಾಕಿದರು. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ತಿರುಗಿ ಬರೆದದ್ದರಿಂದ, ಒಂದು ಯಂತ್ರಕ್ಕೆಂದು ಹುಟ್ಟಿದ ವ್ಯವಸ್ಥೆಯನ್ನು ಇನ್ನೊಂದಕ್ಕೆ ಸಾಗಿಸುವುದು ಸುಲಭವಾಯಿತು. ಪರಕಾಯ ಪ್ರವೇಶದ ವಿದ್ಯೆ ಹೀಗೆ ಕಂಪ್ಯೂಟರಿಗೂ ದಕ್ಕಿತೆನ್ನಬಹುದು.

ಆದರೆ ಇವೆಲ್ಲ ದೊಡ್ಡ ಸಂಸ್ಥೆಗಳ ಮಾತು. ಮನೆಯವರ ಕೈಗೆ ಬಂದ ಮೊದಲ ಯಂತ್ರಗಳಲ್ಲಿ ಹೆಸರಾದದ್ದು 1975ರ ಆಲ್ಟೇರ್ 8800. ಅದರ ಮೂಲರೂಪದಲ್ಲಿ ಡಿಸ್ಕಿಲ್ಲ, ಕೀಲಿಮಣೆಯಿಲ್ಲ. ವಿದ್ಯುತ್ ನಿಂತರೆ ನೆನಪೆಲ್ಲ ಹೋಯಿತು. ಮತ್ತೆ ಹೊತ್ತಿಸಿದಾಗ ಮುಂಭಾಗದ ಸಾಲು ಗುಂಡಿಗಳನ್ನು ಮೇಲಕ್ಕೂ ಕೆಳಕ್ಕೂ ಒತ್ತಿ, ಕೆಲವೇ ಅಕ್ಷರಗಳಷ್ಟು ಉದ್ದದ ಒಂದು ಪುಟ್ಟ ಆದೇಶವನ್ನು ಕೈಯಾರೆ ತುಂಬಬೇಕು; ಆ ಆದೇಶ ಕಾಗದದ ಟೇಪಿನಿಂದ ಉಳಿದುದನ್ನು ಓದಿಕೊಳ್ಳುತ್ತದೆ. ಎಂದರೆ, ಆ ಕಾಲದವರಿಗೆ ಪ್ರತಿ ಬೆಳಗೂ ಮರುಸ್ಥಾಪನೆಯೇ! ನಾವು ಇಂದಿಗೂ ಹೇಳುವ 'ಬೂಟ್' ಎಂಬ ಮಾತು ಬಂದಿರುವುದು ಇಂಥ ಕೆಲಸದಿಂದ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವುದೆಂದು ಅದರ ಮೂಲಾರ್ಥ. ಎಷ್ಟು ನುರಿತ ನಟನೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ತಾರ್ಕಿಕರು ಹೇಳುತ್ತಿದ್ದರು. ಯಂತ್ರ ಏರುತ್ತದೆ, ಆದರೆ ಮೊದಲ ಮೆಟ್ಟಿಲನ್ನು ಯಾರಾದರೂ ಇಟ್ಟುಕೊಡಬೇಕು.

ಆ ಮೆಟ್ಟಿಲನ್ನು ಯಂತ್ರದೊಳಗೇ ಕೂರಿಸಿದ್ದು ಮುಂದಿನ ಹೆಜ್ಜೆ. ಗ್ಯಾರಿ ಕಿಲ್ಡಾಲ್ 1974ರಲ್ಲಿ ರಚಿಸಿದ ಸಿಪಿ/ಎಂ ವ್ಯವಸ್ಥೆಯಲ್ಲಿ ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗವನ್ನು ಬೇರ್ಪಡಿಸಿ, ಅದಕ್ಕೆ 'ಬಯೋಸ್' ಎಂಬ ಹೆಸರು ಬಂತು. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಬಯೋಸ್ ಒಂದು ಚಿಪ್ಪಿನಲ್ಲಿ ನೆಲೆಗೊಂಡಿತ್ತು. ಇಂದಿನವರಿಗೆ ವಿಚಿತ್ರವೆನಿಸಬಹುದಾದ ಒಂದು ಸಂಗತಿಯಿದೆ: ಆ ಯಂತ್ರದ ಜೊತೆಗೆ ಯಾವ ಆಪರೇಟಿಂಗ್ ಸಿಸ್ಟಂ ಬೇಕೆಂಬುದನ್ನು ಕೊಳ್ಳುವವನೇ ಆರಿಸಿಕೊಂಡು ಬೇರೆಯಾಗಿ ಹಣ ಕೊಡಬೇಕಾಗಿತ್ತು. ಮೈಕ್ರೋಸಾಫ್ಟ್ ಒದಗಿಸಿದ ಡಾಸ್‌ಗೆ 40 ಡಾಲರು. ಕೆಲವು ತಿಂಗಳ ನಂತರ ಬಂದ ಸಿಪಿ/ಎಂ-86ಕ್ಕೆ 240 ಡಾಲರು. ಜನ ಯಾವುದನ್ನು ಆರಿಸಿದರೆಂದು ಹೇಳಬೇಕಾದುದಿಲ್ಲ.

1982ರ ನವೆಂಬರಿನಲ್ಲಿ ಕಾಂಪ್ಯಾಕ್ ಎಂಬ ಹೊಸ ಕಂಪೆನಿ ಐಬಿಎಂ ಯಂತ್ರವನ್ನೇ ಹೋಲುವ ಇನ್ನೊಂದನ್ನು ಪ್ರಕಟಿಸಿತು. ಐಬಿಎಂ ತನ್ನ ಬಯೋಸಿನ ಪಠ್ಯವನ್ನು ಅಚ್ಚುಹಾಕಿಸಿ ಎಲ್ಲರಿಗೂ ಸಿಗುವಂತೆ ಮಾಡಿತ್ತು. ಆದರೆ ಅದರ ನಕಲಿಗೆ ಕಾನೂನು ಅಡ್ಡಿ. ಆದ್ದರಿಂದ ಆ ಪಠ್ಯವನ್ನು ಕಾಣದವರ ಕೈಯಲ್ಲಿ, ಅದು ಮಾಡುವ ಕೆಲಸಗಳನ್ನಷ್ಟೇ ವಿವರಿಸಿ, ಕಾಂಪ್ಯಾಕ್ ಹೊಸದಾಗಿ ಬರೆಸಿತು. ಈ ದಾರಿಯಲ್ಲಿ ಇತರರೂ ಬಂದರು. ಯಾರು ತಯಾರಿಸಿದ ಪಿಸಿಯಲ್ಲೇ ಆಗಲಿ ಒಂದೇ ವ್ಯವಸ್ಥೆ ನಡೆಯುವಂತಾದದ್ದು ಇದರಿಂದ. ಯಾವುದೋ ಕಂಪೆನಿಯ ಹಳೆಯ ಲ್ಯಾಪ್‌ಟಾಪಿಗೆ ಇನ್ನಾರೋ ಬರೆದ ಓಎಸ್ ಹಾಕಲು ಇಂದು ಸಾಧ್ಯವಾಗಿದ್ದರೆ ಅದರ ಬೇರು ಇಲ್ಲಿದೆ.

*

ಬಾಗಿಲು ತೆರೆಯಿತು, ಆದರೆ ಹೊಸ್ತಿಲಲ್ಲಿ ಸುಂಕದವನು ಕುಳಿತ. ಯಂತ್ರದಲ್ಲಿ ತನ್ನ ವ್ಯವಸ್ಥೆ ಇರಲಿ ಬಿಡಲಿ, ಮಾರಾಟವಾದ ಪ್ರತಿ ಯಂತ್ರಕ್ಕೂ ಇಷ್ಟೆಂದು ತಯಾರಕರಿಂದ ಹಣ ಪಡೆಯುವ ಕರಾರನ್ನು ಮೈಕ್ರೋಸಾಫ್ಟ್ ಬಳಕೆಗೆ ತಂದಿತ್ತು. ಬೇರೆ ವ್ಯವಸ್ಥೆ ಬೇಕೆನ್ನುವವನು ಎರಡಕ್ಕೂ ತೆರಬೇಕಾಯಿತು. 1994ರಲ್ಲಿ ಅಮೆರಿಕ ಸರ್ಕಾರದೊಡನೆ ಆದ ಒಪ್ಪಂದದಿಂದ ಆ ಕರಾರು ನಿಂತಿತಾದರೂ ವಿಂಡೋಸ್ ಇಲ್ಲದ ಲ್ಯಾಪ್‌ಟಾಪು ಅಂಗಡಿಯಲ್ಲಿ ಸಿಗುವುದು ಅಪರೂಪವಾಗಿಯೇ ಉಳಿಯಿತು. 1999ರ ಫೆಬ್ರುವರಿ 15ರಂದು ಕ್ಯಾಲಿಫೋರ್ನಿಯದಲ್ಲಿ ಕೆಲವರು ಆ ಕಂಪೆನಿಯ ಕಚೇರಿಗೇ ಹೋಗಿ, ನಾವು ಬಳಸದ ವಿಂಡೋಸಿನ ಹಣ ಹಿಂದಕ್ಕೆ ಕೊಡಿರೆಂದು ಕೇಳಿದ್ದೂ ಉಂಟು.

ಅವರು ಬಳಸುತ್ತಿದ್ದುದು ಲಿನಕ್ಸ್. ಇದರ ಕಥೆಗೆ ಇಬ್ಬರು ನಾಯಕರು. ರಿಚರ್ಡ್ ಸ್ಟಾಲ್‌ಮನ್ 1983ರ ಸೆಪ್ಟೆಂಬರ್ 27ರಂದು, ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ 'ಗ್ನೂ' ಎಂಬ ವ್ಯವಸ್ಥೆಯನ್ನು ಕಟ್ಟುವೆನೆಂದು ಸಾರಿದರು. ಪಡೆದ ಸ್ವಾತಂತ್ರ್ಯವನ್ನು ಮುಂದಿನವನಿಗೂ ಕೊಡಲೇಬೇಕೆಂಬ ನಿಬಂಧನೆಯುಳ್ಳ ಪರವಾನಗಿಯನ್ನು 1989ರಲ್ಲಿ ರೂಪಿಸಿದರು. ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್, ತನ್ನ 21ನೆಯ ವಯಸ್ಸಿನಲ್ಲಿ, 1991ರ ಆಗಸ್ಟ್ 25ರಂದು ಹವ್ಯಾಸಕ್ಕೆಂದು ಒಂದು ವ್ಯವಸ್ಥೆ ಬರೆಯುತ್ತಿರುವುದಾಗಿ ತಿಳಿಸಿದರು. ಮರುವರ್ಷ ಅದನ್ನು ಆ ಪರವಾನಗಿಯಡಿಗೆ ತಂದರು. ಎರಡೂ ಕೂಡಿದುವು. ಇವನ್ನು ಒಟ್ಟುಗೂಡಿಸಿ ಸಾಮಾನ್ಯರಿಗೆ ಹಾಕಿಕೊಳ್ಳಲು ಬರುವಂತೆ ಕಟ್ಟಿಕೊಟ್ಟವುಗಳಲ್ಲಿ 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಒಂದು. ಅದು ಇಂದಿಗೂ ಸ್ವಯಂಸೇವಕರ ದುಡಿಮೆಯಿಂದಲೇ ನಡೆದಿದೆ. 1956ರ ಬಳಕೆದಾರರು ಹೆಪ್ಪು ಹಂಚಿಕೊಂಡ ನೆರೆಹೊರೆ ಹೀಗೆ ಇನ್ನೊಮ್ಮೆ, ಈ ಸಲ ಜಗತ್ತಿನಗಲಕ್ಕೆ, ಏರ್ಪಟ್ಟಿತು.

ಸುಂಕದ ಕಟ್ಟೆಯೂ ಅದೇ ವೇಳೆಗೆ ಬಲವಾಗುತ್ತಿತ್ತು. 1995ರ ವಿಂಡೋಸು 13 ಫ್ಲಾಪಿಗಳಲ್ಲಿ ಬಂದರೆ ಅವನ್ನು ಒಂದೊಂದಾಗಿ ತೂರಿಸುವುದಷ್ಟೇ ಕಷ್ಟ. 2001ರ ವಿಂಡೋಸ್ ಎಕ್ಸ್‌ಪಿ ಮೊದಲುಗೊಂಡು, ಹಾಕಿದ ಮೇಲೆ ಕಂಪೆನಿಯಿಂದ ಊರ್ಜಿತ ಮಾಡಿಸಿಕೊಳ್ಳಬೇಕಾಯಿತು. ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸುತ್ತಿದ್ದ 25 ಅಕ್ಷರಗಳ ಚೀಟಿ 2012ರ ವಿಂಡೋಸ್ 8ರಿಂದ ಯಂತ್ರದ ಚಿಪ್ಪಿನೊಳಕ್ಕೇ ಹೋಯಿತು. 2021ರಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಸಾಧನವನ್ನೂ ಸುಮಾರಾಗಿ 2017ರ ಈಚಿನ ಪ್ರೊಸೆಸರನ್ನೂ ಕೇಳಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಬೇಕಾದವರಿಗೆ ಷರತ್ತಿನ ಮೇಲೆ ಇನ್ನೊಂದು ವರ್ಷದ ಭದ್ರತಾ ಪರಿಷ್ಕರಣೆ ಎಂದಾಯಿತು. ಭದ್ರತೆಯ ಕಾರಣ ಸುಳ್ಳಲ್ಲ. ಆದರೂ ಒಂದು ತಿರುಳೂ ಸವೆಯದ, ಒಂದು ತಂತಿಯೂ ಕಡಿಯದ ಯಂತ್ರಗಳು ಪಂಚಾಂಗ ನೋಡಿ ಮುದಿಯಾದುದು ಹೊಸ ಸಂಗತಿ.

*

ಆ ನವೆಂಬರಿನಲ್ಲಿ, ಪಿ.ಯು. ಓದುತ್ತಿರುವ ನನ್ನ ತಂಗಿಯ ಮಗಳಿಗಾಗಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಲ್ಯಾಪ್‌ಟಾಪ್ ನೋಡುತ್ತಿದ್ದೆ. ಹತ್ತು ವರ್ಷದ ಹಿಂದಿನ ಯಂತ್ರ. ಗುಂಡಿಗಳು ಸರಿಯಾಗಿದ್ದುವು, ಪರದೆ ತಿಳಿಯಾಗಿತ್ತು. ಅಂಗಡಿಯವರು ಪ್ರಾಮಾಣಿಕರು. "ಸಾರ್, ಇದಕ್ಕೆ ಹನ್ನೊಂದು ಕೂರಲ್ಲ. ಹತ್ತೇ ಹಾಕಿ ಕೊಡ್ತೀನಿ, ಓಡೋವಷ್ಟು ದಿನ ಓಡುತ್ತೆ" ಎಂದರು. ಹುಡುಗಿ ನನ್ನ ಕಡೆ ತಿರುಗಿ, "ಕೆಟ್ಟೇ ಇಲ್ವಲ್ಲ ಮಾಮ, ಮುಗೀತು ಅಂತ ಯಾರು ಹೇಳಿದ್ದು?" ಎಂದಳು. ಈ ಲೇಖನದ ಪ್ರಶ್ನೆಯೂ ಅದೇ. ಯಂತ್ರವನ್ನು ಇದ್ದ ಹಾಗೆಯೇ ಕೊಂಡು ತಂದೆವು.

ಹೊತ್ತಿಸಿದಾಗ ಹಿಂದಿನವರ ಬದುಕು ಅದರಲ್ಲಿ ಹಾಗೆಯೇ ಇತ್ತು. ಒಂದು ಗೃಹಪ್ರವೇಶದ ಆಮಂತ್ರಣದ ಕರಡು, ಆಸ್ಪತ್ರೆಯ ವರದಿಗಳು, ಒಂದು ಮಗುವಿನ ಹೆಸರಿನ ಕಡತ. ತೆರೆಯಲಿಲ್ಲ. ಇದು ನಮ್ಮಲ್ಲಿನ ವಿಶೇಷವೇನೂ ಅಲ್ಲ. ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಸಂಶೋಧಕರು ಅಮೆರಿಕದಲ್ಲಿ 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಲು ಬಂದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ನಾವು 'ಫಾರ್ಮ್ಯಾಟ್' ಎನ್ನುವ ಚುರುಕಿನ ಕೆಲಸ ಪುಸ್ತಕದ ಪರಿವಿಡಿಯನ್ನು ಹರಿದಂತೆ. ಪುಟಗಳು ಒಳಗೇ ಇರುತ್ತವೆ. ಆದ್ದರಿಂದ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಸಿದೆ. ಸುಮಾರು ಎರಡು ಗಂಟೆ ಹಿಡಿಯಿತು. ಎಸ್‌ಎಸ್‌ಡಿ ಆಗಿದ್ದರೆ ಅದಕ್ಕೆಂದೇ ಇರುವ ಬೇರೆ ಆದೇಶ ಬೇಕಾಗುತ್ತದೆ. ಬಾಡಿಗೆ ಮನೆಯನ್ನು ತೊಳೆಸಿ ಸುಣ್ಣ ಹೊಡೆಸುವುದು ಬರುವವರಿಗಾಗಿ ಮಾತ್ರವಲ್ಲ, ಹೋದವರ ಮರ್ಯಾದೆಗಾಗಿಯೂ ಹೌದು.

ಉಳಿದ ಕೆಲಸ ಸಣ್ಣದು. ಡೆಬಿಯನ್ ಕಡತವನ್ನು ಮೊದಲೇ ಒಂದು ಪೆನ್‌ಡ್ರೈವಿಗೆ ಬರೆದಿಟ್ಟಿದ್ದೆ. ಯಂತ್ರ ಏಳುವಾಗ ಗುಂಡಿಯೊಂದನ್ನು ಒತ್ತಿ ಅದರಿಂದ ಬೂಟ್ ಮಾಡಿಸಿ, ಡಿಸ್ಕನ್ನು ಹೊಸದಾಗಿ ಭಾಗ ಮಾಡಿ, ಊರು, ಹೆಸರು, ಗುಪ್ತಪದ ಕೊಟ್ಟರೆ ಮುಗಿಯಿತು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು. ಇದೂ ತಾನಾಗಿ ಬಂದುದಲ್ಲ. ಕನ್ನಡ ಯೂನಿಕೋಡಿಗೆ ಸೇರಿದ್ದು 1991ರಲ್ಲಿ. ವಿಂಡೋಸಿನೊಳಗೇ ಅದಕ್ಕೆ ನೆಲೆ ಸಿಕ್ಕಿದ್ದು ಹತ್ತು ವರ್ಷದ ನಂತರ, ಎಕ್ಸ್‌ಪಿಯ 'ತುಂಗಾ' ಅಕ್ಷರಗಳಿಂದ. ಲಿನಕ್ಸಿನಲ್ಲಿ ಅದನ್ನು ತಂದವರು ಬಹುಮಟ್ಟಿಗೆ ಬಿಡುವಿನಲ್ಲಿ ಅನುವಾದಕ್ಕೆ ಕುಳಿತ ನಮ್ಮವರೇ. ಇಲ್ಲಿ ಎಲ್ಲವೂ ಸುಗಮವೆಂದು ಹೇಳಲಾರೆ. ವಿಂಡೋಸಿಗೆಂದೇ ಬರೆದ ಕೆಲವು ತಂತ್ರಾಂಶಗಳು ಇದರಲ್ಲಿ ನಡೆಯವು. ಹಳೆಯ ನುಡಿ ಅಕ್ಷರಗಳ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಓದು, ಬರಹ, ಲೆಕ್ಕ, ಪಾಠದ ವಿಡಿಯೋ ಇಷ್ಟಕ್ಕೆ ಹತ್ತು ವರ್ಷದ ಯಂತ್ರ ಧಾರಾಳವಾಗಿ ಸಾಕು.

*

ಈ ಸ್ವಾತಂತ್ರ್ಯ ಎಷ್ಟು ದಿನ ಉಳಿದೀತು? 2012ರಲ್ಲಿ ವಿಂಡೋಸ್ 8ರೊಂದಿಗೆ 'ಸೆಕ್ಯೂರ್ ಬೂಟ್' ಎಂಬ ಏರ್ಪಾಟು ಲ್ಯಾಪ್‌ಟಾಪುಗಳಲ್ಲಿ ಹರಡಿತು: ಒಪ್ಪಿಗೆಯ ಮುದ್ರೆಯಿಲ್ಲದ ವ್ಯವಸ್ಥೆಯನ್ನು ಯಂತ್ರ ಏಳಗೊಡದು. ಕದ್ದು ಸೇರುವ ಕೇಡಿನ ತಂತ್ರಾಂಶವನ್ನು ಬಾಗಿಲಲ್ಲೇ ತಡೆಯಲು ಇದು ಉಪಯುಕ್ತವೇ. ಸಾಮಾನ್ಯ ಪಿಸಿಗಳಲ್ಲಿ ಒಡೆಯನು ಇದನ್ನು ಆರಿಸಲು ಅವಕಾಶವಿರಬೇಕೆಂದು ಮೊದಲು ನಿಯಮವಿತ್ತು. 2015ರ ವಿಂಡೋಸ್ 10ರ ಹೊತ್ತಿಗೆ ಆ ಅವಕಾಶ ತಯಾರಕರ ಇಚ್ಛೆಗೆ ಬಿಟ್ಟದ್ದಾಯಿತು. ಡೆಬಿಯನ್ನಿನವರು 2019ರ ಆವೃತ್ತಿಯಿಂದ ಬೇಕಾದ ಮುದ್ರೆಯನ್ನು ಪಡೆದುಕೊಂಡಿದ್ದಾರೆ. ಬೀಗ ಒಳ್ಳೆಯದು, ಬೀಗದ ಕೈ ಮನೆಯವನ ಸೊಂಟದಲ್ಲಿರಬೇಕು ಎಂಬುದಷ್ಟೇ ಮಾತು.

ಸ್ಟೀಲ್ ಪಾತ್ರೆ ಬಂದ ಮೇಲೆ ಕಲಾಯಿಯವರು ನಮ್ಮ ಬೀದಿಗಳಿಂದ ಬಹುಮಟ್ಟಿಗೆ ಮರೆಯಾದರು. ಯಾರೂ ಅವರನ್ನು ನಿಷೇಧಿಸಲಿಲ್ಲ. ಕರೆಯುವವರು ಕಡಿಮೆಯಾದರು, ಅಷ್ಟೆ. ಹಳೆಯ ಯಂತ್ರಕ್ಕೆ ತಮಗೆ ಬೇಕಾದ ವ್ಯವಸ್ಥೆಯನ್ನು ಹಾಕಿಕೊಳ್ಳುವ ಹಕ್ಕೂ ಕಾನೂನಿನಿಂದ ಹೋಗುವುದಕ್ಕಿಂತ ಮುಂಚೆ ರೂಢಿಯಿಂದ ಹೋದೀತು. ಹಾಕಿಸುವವರು ಇರುವವರೆಗೆ ಹಾಕುವವರೂ ಇರುತ್ತಾರೆ, ಹಾಕಲು ಬರುವಂಥ ಯಂತ್ರವನ್ನು ಮಾಡುವವರೂ ಇರುತ್ತಾರೆ.