55ನೇ ನಡೆಯಲ್ಲಿ ಡಿಂಗ್ ಮಾಡಿದ ತಪ್ಪೇನು? ಗುಕೇಶ್ ಗೆದ್ದ ವಿಶ್ವ ಚೆಸ್ ಪಂದ್ಯದ ಪೂರ್ತಿ ವಿವರ

2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ಚೆನ್ನೈನ ಡಿ. ಗುಕೇಶ್ ವಿಶ್ವ ಚೆಸ್ ಚಾಂಪಿಯನ್ ಆದ ಸುದ್ದಿ ಎಲ್ಲರಿಗೂ ಗೊತ್ತು. ಆಗ ಅವರಿಗೆ ಬರೀ 18 ವರ್ಷ. ಅದಕ್ಕೂ ಮೊದಲಿನ ದಾಖಲೆ 1985ರಲ್ಲಿ 22ನೇ ವಯಸ್ಸಿಗೆ ಗೆದ್ದಿದ್ದ ಗ್ಯಾರಿ ಕಾಸ್ಪರೋವ್ ಅವರದ್ದು. ಆದ್ರೆ ಕೊನೆ ಪಂದ್ಯದ ಬಗ್ಗೆ ಒಂದು ಮಾತು ಇವತ್ತಿಗೂ ಕೇಳಿಬರುತ್ತೆ: 'ಚೀನಾದ ಡಿಂಗ್ ಲಿರೆನ್ ತಪ್ಪು ಮಾಡಿದ್ರು, ಗುಕೇಶ್‌ಗೆ ಅದೃಷ್ಟ ಖುಲಾಯಿಸ್ತು.' ಇದು ಎಷ್ಟು ನಿಜ? ಮನೇಲಿ ಚೆಸ್ ಬೋರ್ಡ್ ಇದ್ರೆ ಎದುರಿಗೆ ಇಟ್ಕೊಂಡು ಓದಿ.

ಪಂದ್ಯಕ್ಕೆ ಮುಂಚೆ ಲೆಕ್ಕ ಹೇಗಿತ್ತು?

ಒಟ್ಟು 14 ಪಂದ್ಯ. ಮೊದಲು 7.5 ಅಂಕ ಮುಟ್ಟಿದವರು ಚಾಂಪಿಯನ್. 1 ಮತ್ತು 12ನೇ ಪಂದ್ಯ ಡಿಂಗ್ ಗೆದ್ದಿದ್ರು, 3 ಮತ್ತು 11ನೇ ಪಂದ್ಯ ಗುಕೇಶ್ ಗೆದ್ದಿದ್ರು. ಮಿಕ್ಕಿದ್ದೆಲ್ಲಾ ಡ್ರಾ. ಅಂದ್ರೆ 13 ಪಂದ್ಯ ಮುಗಿದಾಗ ಇಬ್ಬರಿಗೂ 6.5. ಕೊನೆ ಪಂದ್ಯವೂ ಡ್ರಾ ಆಗಿದ್ರೆ ಮಾರನೇ ದಿನ ಕಡಿಮೆ ಸಮಯದ ಟೈಬ್ರೇಕ್ ಆಡಬೇಕಿತ್ತು. 2023ರಲ್ಲಿ ಡಿಂಗ್ ಚಾಂಪಿಯನ್ ಆಗಿದ್ದೇ ಟೈಬ್ರೇಕ್‌ನಲ್ಲಿ.

ಬಿಳಿ ಕಾಯಿ ಇದ್ರೂ ಡಿಂಗ್ ಹಿಡಿದ ದಾರಿ

ಕೊನೆ ಪಂದ್ಯದಲ್ಲಿ ಡಿಂಗ್‌ಗೆ ಬಿಳಿ ಕಾಯಿ. ಮೊದಲ ನಡೆ ಅವರದ್ದೇ. ಆದ್ರೂ ಅವರು ಕಾಯಿಗೆ ಕಾಯಿ ಬದಲಾಯಿಸಿ ಆಟ ಚಿಕ್ಕದು ಮಾಡ್ತಾ ಹೋದ್ರು. 29ನೇ ನಡೆಯಲ್ಲಿ 'ಬಿ' ಸಾಲಿನ ಕಾಲಾಳನ್ನ ಮುಂದೆ ತಳ್ಳಿ ಬಿಟ್ಟುಕೊಟ್ಟರು. 30ಕ್ಕೆ ಇಬ್ಬರ ಕ್ವೀನ್ ಹೋಯ್ತು. 31ಕ್ಕೆ ಒಂದು ಜೊತೆ ಆನೆ, ಅಂದ್ರೆ ರೂಕ್, ಹೋಯ್ತು.

ಆಮೇಲೆ ಇಬ್ಬರ ಹತ್ರನೂ ಉಳಿದಿದ್ದು ಒಂದು ಆನೆ, ಒಂದು ಒಂಟೆ, ಅಂದ್ರೆ ಬಿಷಪ್. ಕಾಲಾಳು ಮಾತ್ರ ಗುಕೇಶ್‌ಗೆ 3, ಡಿಂಗ್‌ಗೆ 2. ಎಲ್ಲವೂ ಬೋರ್ಡಿನ ಒಂದೇ ಪಕ್ಕದಲ್ಲಿ ಇದ್ದಿದ್ರಿಂದ ಇದು ಡ್ರಾ ಮಾಡಬಹುದಾದ ಸ್ಥಿತಿ. ಲೆಕ್ಕದ ಪ್ರಕಾರ ಡಿಂಗ್ ಮಾಡಿದ್ದು ತಪ್ಪಲ್ಲ. ಆದ್ರೆ ಗೆಲ್ಲೋ ಅವಕಾಶ ಇನ್ನು ಗುಕೇಶ್‌ಗೆ ಮಾತ್ರ. ಸೋಲಬಾರದು ಅಂತ ಕಾಯೋ ಕೆಲಸ ಪೂರ್ತಿ ಡಿಂಗ್‌ದು.

20ಕ್ಕೂ ಹೆಚ್ಚು ನಡೆಗಳ ಒತ್ತಡ

ಗುಕೇಶ್ ಅಲ್ಲಿಗೆ ಡ್ರಾ ಮಾಡ್ಕೊಂಡು ಏಳಬಹುದಿತ್ತು. ಏಳಲಿಲ್ಲ. ಕಾಲಾಳುಗಳನ್ನ ಮೆಲ್ಲಗೆ ಮುಂದೆ ತಂದ್ರು, ರಾಜನನ್ನೂ ಹೊರಗೆ ತಂದ್ರು. 46ನೇ ನಡೆಯಲ್ಲಿ ಇಬ್ಬರ ಒಂದೊಂದು ಕಾಲಾಳು ಹೋಗಿ ಗುಕೇಶ್‌ಗೆ 2, ಡಿಂಗ್‌ಗೆ 1 ಉಳೀತು. ಆಗಲೂ ಡ್ರಾ ಕೈಯಲ್ಲೇ ಇತ್ತು. ಆದ್ರೆ ಪ್ರತಿ ನಡೆಗೂ ಡಿಂಗ್ ಸರಿಯಾದ ಉತ್ತರ ಹುಡುಕಲೇಬೇಕು.

53ನೇ ನಡೆ: ಮೂಲೆಗೆ ಹೋದ ಒಂಟೆ

ಗುಕೇಶ್ ತಮ್ಮ ಆನೆಯನ್ನ ಬಿ2ಕ್ಕೆ ತಂದು, ಬಿ7ರಲ್ಲಿದ್ದ ಡಿಂಗ್ ಅವರ ಒಂಟೆಗೆ ಗುರಿ ಇಟ್ರು. ಒಂಟೆ ಜಾಗ ಬಿಡಲೇಬೇಕು. ಸಿ6 ಖಾಲಿ ಇತ್ತು. ಡಿಂಗ್ ಮೂಲೆಯ ಎ8ಕ್ಕೆ ಇಟ್ರು. ಆ ಕ್ಷಣಕ್ಕೆ ಇದರಿಂದ ಸೋಲು ಬರ್ತಿರಲಿಲ್ಲ. ಆದ್ರೆ ಮೂಲೆಯಲ್ಲಿರೋ ಒಂಟೆಗೆ ಓಡಾಡೋಕೆ ಒಂದೇ ಓರೆ ದಾರಿ. ಅದನ್ನ ಯಾರಾದ್ರೂ ಮುಚ್ಚಿದ್ರೆ ಬೇರೆ ದಾರಿ ಇಲ್ಲ.

55ನೇ ನಡೆ: ಪಂದ್ಯ ಕೈಬಿಟ್ಟಿದ್ದು ಇಲ್ಲಿ

ಬೋರ್ಡಿನ ಮೇಲೆ ಹೀಗೆ ಜೋಡಿಸಿ.

ಬಿಳಿ: ರಾಜ ಜಿ1, ಆನೆ ಎಫ್4, ಒಂಟೆ ಎ8, ಕಾಲಾಳು ಜಿ3.
ಕಪ್ಪು: ರಾಜ ಇ5, ಆನೆ ಬಿ2, ಒಂಟೆ ಇ6, ಕಾಲಾಳು ಎಫ್5 ಮತ್ತು ಜಿ4.

ನಡೆ ಡಿಂಗ್‌ದು. ಆನೆಯನ್ನ ಎ4ಕ್ಕೆ ವಾಪಸ್ ಕಳಿಸಿದ್ರೆ ಸಾಕಿತ್ತು, ಕಾದಾಟ ಮುಂದುವರೀತಿತ್ತು. ಅವರು ಎಫ್2ಕ್ಕೆ ಇಟ್ಟು 'ಆನೆಗೆ ಆನೆ' ಅಂದ್ರು.

ಗುಕೇಶ್‌ಗೂ ಇದು ತಕ್ಷಣ ಹೊಳೀಲಿಲ್ಲ. ಮೊದಲು ಆನೆಯನ್ನ ಬಿ3ಕ್ಕೆ ಆಡೋ ಯೋಚನೆಯಲ್ಲಿದ್ದೆ, ಆಮೇಲೆ ಗೆಲುವು ಕಂಡಿತು ಅಂತ ಅವರೇ ನಂತರ ಹೇಳಿದ್ರು. ಗೆಲುವು ಬಂದಿದ್ದು ಹೀಗೆ:

1. ಆನೆ ಆನೆಯನ್ನ ಹೊಡೀತು, ಡಿಂಗ್ ರಾಜ ವಾಪಸ್ ಹೊಡೆದ.
2. ಗುಕೇಶ್ ಒಂಟೆ ಡಿ5ಕ್ಕೆ ಬಂತು. ಎ8ರ ಒಂಟೆಯ ಒಂದೇ ದಾರಿ ಬಂದ್. ಬಿ7ಕ್ಕೋ ಸಿ6ಕ್ಕೋ ಹೋದ್ರೂ, ಅಲ್ಲೇ ಕೂತ್ರೂ ಪುಕ್ಕಟೆ ಹೋಗುತ್ತೆ. ಇರೋದ್ರಲ್ಲಿ ಡಿ5ರ ಒಂಟೆಯನ್ನ ಹೊಡೆಯಲೇಬೇಕು.
3. ಹೊಡೆದ ಒಂಟೆಯನ್ನ ಗುಕೇಶ್ ರಾಜ ಹೊಡೆದ. ಈಗ ಉಳಿದಿದ್ದು ರಾಜರು ಮತ್ತು ಕಾಲಾಳುಗಳು ಮಾತ್ರ.
4. ಡಿಂಗ್ ರಾಜ ಇ3ಕ್ಕೆ ಬಂದ, ಗುಕೇಶ್ ರಾಜ ಇ5ಕ್ಕೆ. ಮಧ್ಯೆ ಒಂದೇ ಮನೆ ಬಿಟ್ಟು ಇಬ್ಬರೂ ಎದುರುಬದುರು. ನಡೆ ಡಿಂಗ್‌ದು. ಪಕ್ಕಕ್ಕೆ ಸರಿದ್ರೂ ಹಿಂದೆ ಹೋದ್ರೂ ಗುಕೇಶ್‌ಗೆ ದಾರಿ ಸಿಗುತ್ತೆ.

58 ನಡೆಗೆ ಡಿಂಗ್ ಸೋಲೊಪ್ಪಿದ್ರು. ಗುಕೇಶ್ 7.5, ಡಿಂಗ್ 6.5.

ಹಾಗಾದ್ರೆ ಅದೃಷ್ಟನಾ?

ತಪ್ಪು ದೊಡ್ಡದೇ, ಅದನ್ನ ಮುಚ್ಚಿಡೋ ಹಾಗಿಲ್ಲ. ಆದ್ರೆ ಆ ತಪ್ಪು ಸುಮ್ನೆ ಬಂದಿದ್ದಲ್ಲ. ಡಿಂಗ್ ಇಡೀ ಪಂದ್ಯ ಕಾಯಿ ಬದಲಾಯಿಸ್ತಾನೇ ಬಂದ್ರು, ಕ್ವೀನ್ ಹೋದಾಗಲೂ ಮೊದಲ ಆನೆ ಹೋದಾಗಲೂ ಲೆಕ್ಕ ಸರಿಯಾಗೇ ಇತ್ತು. ಕೊನೆ ಬದಲಾವಣೆಗೆ ಮಾತ್ರ ಲೆಕ್ಕ ತಪ್ಪಿತು. ಡ್ರಾ ಸ್ಥಿತಿ ಅಂತ ಗುಕೇಶ್ ಎದ್ದು ಹೋಗಿದ್ರೆ ಆ 55ನೇ ನಡೆಯೇ ಬರ್ತಿರಲಿಲ್ಲ.

ಚೆಸ್ ಆಡೋ ಮಕ್ಕಳಿಗೆ, ದೊಡ್ಡವರಿಗೆ

* ಕಾಲಾಳು ಕಡಿಮೆ ಇದ್ದಾಗ ಕಾಲಾಳುಗಳನ್ನ ಬದಲಾಯಿಸಿ, ದೊಡ್ಡ ಕಾಯಿಗಳನ್ನ ಉಳಿಸ್ಕೊಳ್ಳಿ. ಕಾಲಾಳು ಜಾಸ್ತಿ ಇದ್ದವರು ಇದರ ಉಲ್ಟಾ ಮಾಡಬೇಕು.
* ಕೊನೆ ಆನೆ ಬಿಟ್ಟುಕೊಡೋ ಮುಂಚೆ ಒಂಟೆಯೂ ಹೋಗುತ್ತಾ ನೋಡಿ. ಹೋದ್ರೆ ರಾಜ ಮತ್ತು ಕಾಲಾಳುಗಳ ಆಟ ಏನಾಗುತ್ತೆ ಅಂತ ಕೊನೆವರೆಗೆ ಎಣಿಸಿ.
* ಒಂಟೆಯನ್ನ ಮೂಲೆಗೆ ಕಳಿಸೋ ಮುಂಚೆ ವಾಪಸ್ ಬರೋ ದಾರಿ ಎಷ್ಟಿದೆ ಅಂತ ನೋಡಿ.

ಮೇಲೆ ಕೊಟ್ಟ ಸ್ಥಿತಿಯನ್ನ ಜೋಡಿಸಿ, ಒಬ್ಬರು ಬಿಳಿ ಒಬ್ಬರು ಕಪ್ಪು ತಗೊಂಡು ಎ4ರಿಂದ ಆಡಿ ನೋಡಿ. ಒಂದು ಕಾಲಾಳು ಕಡಿಮೆ ಇಟ್ಕೊಂಡು ಡ್ರಾ ಉಳಿಸೋದು ಎಷ್ಟು ಕಷ್ಟ ಅಂತ ಹತ್ತು ನಡೆಯಲ್ಲೇ ಗೊತ್ತಾಗುತ್ತೆ.