ಹಿಂಡಿನ ಅರ್ಧ ಪಾಲು: ಬೀಜದ ಹುಂಜವನ್ನು ಆರಿಸಿದ ಚರಿತ್ರೆ

ಜಮಖಂಡಿ ತಾಲ್ಲೂಕಿನ ಹುನ್ನೂರಿನಂಥ ಊರೊಂದರಲ್ಲಿ, ಒಂದು ಮನೆಯ ಹಿತ್ತಲಲ್ಲಿ ಹತ್ತು ಜವಾರಿ ಹೇಂಟೆಗಳೂ ಒಂದು ಹುಂಜವೂ ಇವೆ ಎಂದಿಟ್ಟುಕೊಳ್ಳಿ. ವರ್ಷದಲ್ಲಿ ನೂರು ಮರಿಗಳು ಹೊರಬಂದರೆ ಒಂದೊಂದು ಹೇಂಟೆಯ ಪಾಲಿಗೆ ಸರಾಸರಿ ಹತ್ತು ಮರಿಗಳು. ಹುಂಜದ ಪಾಲಿಗೆ ನೂರಕ್ಕೆ ನೂರು. ಪ್ರತಿ ಮರಿಯೂ ತನ್ನ ಜೀನುಗಳಲ್ಲಿ ಸುಮಾರು ಅರ್ಧವನ್ನು ತಂದೆಯಿಂದ ಪಡೆಯುವುದರಿಂದ ಮುಂದಿನ ಹಿಂಡಿನ ಅರ್ಧ ಆ ಒಂದೇ ಹುಂಜದ್ದು. ಉಳಿದರ್ಧವನ್ನು ಹತ್ತು ಹೇಂಟೆಗಳು ಹಂಚಿಕೊಳ್ಳುತ್ತವೆ. ಒಂದು ಕಳಪೆ ಹೇಂಟೆ ಉಳಿದುಬಿಟ್ಟರೆ ಹಿಂಡಿನ ಶೇಕಡಾ 5ರಷ್ಟು ಕೆಡಬಹುದು. ಕಳಪೆ ಹುಂಜ ಉಳಿದರೆ ಶೇಕಡಾ 50.

ಹಾಗಾದರೆ ಆ ಹುಂಜವನ್ನು ಯಾರು ಆರಿಸಿದರು? ಸಾಮಾನ್ಯವಾಗಿ ಯಾರೂ ಆರಿಸಿರುವುದಿಲ್ಲ. ಜಾತ್ರೆ ಬಂದಾಗ, ಬೀಗರು ಬಂದಾಗ, ಸಂತೆಗೆ ಒಯ್ಯುವಾಗ ಎಲ್ಲಕ್ಕಿಂತ ತೂಕದ ಹುಂಜ ಮೊದಲು ಹೋಗುತ್ತದೆ. ಬೆಲೆ ಬರುವುದು ಅದಕ್ಕೇ. ಹೋಗದೆ ಉಳಿದದ್ದು ಮುಂದಿನ ಪೀಳಿಗೆಯ ತಂದೆಯಾಗುತ್ತದೆ. ಇದು ತಲೆಕೆಳಗಾದ ಆಯ್ಕೆ. ವಿಚಿತ್ರವೆಂದರೆ ಇದೇ ಸೀಮೆಯವರಿಗೆ ತಳಿ ಕಾಯುವ ವಿದ್ಯೆ ಹೊಸತಲ್ಲ. ಪಕ್ಕದ ಮುಧೋಳದ ಹೆಸರನ್ನು ಹೊತ್ತ ಬೇಟೆನಾಯಿ 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಬಂತು. ಕೃಷ್ಣೆಯ ಕರಿಮಣ್ಣಿನಲ್ಲಿ ನೇಗಿಲೆಳೆಯಲೆಂದೇ ಕೃಷ್ಣಾ ಕಣಿವೆಯ ದನದ ತಳಿ ರೂಪುಗೊಂಡಿತ್ತು. ನಾಯಿಗೂ ಎತ್ತಿಗೂ ಸಂಸ್ಥಾನಿಕರ ಆಶ್ರಯವಿತ್ತು. ಕೋಳಿ ಹೆಣ್ಣುಮಕ್ಕಳ ಹಿತ್ತಲಿನ ಸಂಗತಿಯಾಗಿದ್ದರಿಂದ ಯಾವ ಅರಮನೆಯೂ ಅದರ ವಂಶಾವಳಿಯನ್ನು ಬರೆದಿಡಲಿಲ್ಲ.

ಹುಂಜವನ್ನು ಆರಿಸುವ ವಿಚಾರ ಮಾತ್ರ ಹಳೆಯದು. ಈ ಪ್ರದೇಶವನ್ನೂ ಆಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಪೈಕಿ ಕೋಳಿ ಅಂಕಕ್ಕೂ ಜಾಗವಿದೆ. ಕಾದಾಟದ ಕಣವೇ ಆಗಿನ ಪರೀಕ್ಷೆ. ಗೆದ್ದ ಹುಂಜಕ್ಕೆ ಮರಿ ಮಾಡಿಸುವುದು, ಸೋತದ್ದನ್ನು ಅಡುಗೆಮನೆಗೆ ಕಳಿಸುವುದು. ಕ್ರೂರವಾದರೂ ಕಟ್ಟುನಿಟ್ಟಾದ ಈ ಆಯ್ಕೆಯಿಂದ ನಮ್ಮ ದೇಶದಲ್ಲಿ ‘ಅಸೀಲ್’ ಎಂಬ ತಳಿ ರೂಪುಗೊಂಡಿತು. ಅರಬ್ಬಿ ಮೂಲದ ಈ ಪದಕ್ಕೆ ಅಸಲಿ, ಶುದ್ಧ ಕುಲದ್ದು ಎಂಬ ಅರ್ಥ. ಎತ್ತರದ ನಿಲುವು, ಅಗಲವಾದ ಎದೆ, ದಪ್ಪ ಕಾಲು, ಬಟಾಣಿ ಕಾಳುಗಳನ್ನು ಸಾಲಾಗಿ ಜೋಡಿಸಿದಂತಿರುವ ಚಿಕ್ಕ ಜುಟ್ಟು. (ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ತಳಿಯನ್ನು ಸಾಕಲು ಅಡ್ಡಿಯಿಲ್ಲ.)

ಇನ್ನೂ ಹಿಂದಕ್ಕೆ ಹೋದರೆ ಕಾಡು ಸಿಗುತ್ತದೆ. ಸಾಕುಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತತಿ ಎಂದು ಚಾರ್ಲ್ಸ್ ಡಾರ್ವಿನ್ 1868ರಲ್ಲಿ ವಾದಿಸಿದ. 2020ರಲ್ಲಿ ಪ್ರಕಟವಾದ, 863 ಕೋಳಿಗಳ ಜೀನೋಮ್ ಹೋಲಿಕೆ ಈ ಪಳಗಿಸುವಿಕೆಯ ನೆಲೆಯನ್ನು ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ಸೀಮೆಗೆ ತಂದು ನಿಲ್ಲಿಸಿತು. ಆದರೆ ಡಾರ್ವಿನ್ ಹೇಳಿದ್ದಕ್ಕೆ ಒಂದು ತಿದ್ದುಪಡಿ ನಮ್ಮ ಕಡೆಯಿಂದ ಹೋಗಿದೆ. ಹಳದಿ ಕಾಲು, ಹಳದಿ ಚರ್ಮಕ್ಕೆ ಕಾರಣವಾದ ಜೀನಿನ ರೂಪ ಕೆಂಪು ಕಾಡುಕೋಳಿಯದಲ್ಲ, ಪಶ್ಚಿಮ ಘಟ್ಟದಲ್ಲಿ ಕೂಗುವ ಬೂದು ಕಾಡುಕೋಳಿಯದು ಎಂದು 2008ರಲ್ಲಿ ಸ್ವೀಡನ್ನಿನ ಉಪ್ಸಲಾದ ವಿಜ್ಞಾನಿಗಳ ತಂಡ ತೋರಿಸಿತು. ಅಂಗಡಿಯಲ್ಲಿ ನೇತುಹಾಕಿದ ಬ್ರಾಯ್ಲರ್‌ನ ಹಳದಿ ಕಾಲನ್ನು ನೋಡುವಾಗ ದಾಂಡೇಲಿಯ ಕಾಡನ್ನು ನೆನೆಯಲು ಕಾರಣವುಂಟು.

ಈಗ ಅಸೀಲ್‌ನ ಕಡಲ ಪಯಣಕ್ಕೆ ಬರೋಣ. 19ನೆಯ ಶತಮಾನದ ಮೊದಲರ್ಧದಲ್ಲಿ ಕಂಪನಿ ಸರ್ಕಾರದ ಬಂಗಾಳ ಸೈನ್ಯದಲ್ಲಿದ್ದ ಜನರಲ್ ವಾಲ್ಟರ್ ಗಿಲ್ಬರ್ಟ್ ಇಂಗ್ಲೆಂಡಿನ ಕಾರ್ನ್‌ವಾಲ್‌ನವನು. ಅಸೀಲ್ ಹುಂಜಗಳನ್ನು ಅಲ್ಲಿನ ಕಾದಾಟದ ಕೋಳಿಗಳೊಂದಿಗೆ ಕೂಡಿಸಿ ಹೊಸ ತಳಿ ಎಬ್ಬಿಸಿದ ಕೀರ್ತಿ ವಾಡಿಕೆಯಲ್ಲಿ ಅವನಿಗೆ ಸಲ್ಲುತ್ತದೆ. ಕಾದಾಟಕ್ಕೆ ಅದು ಒದಗಲಿಲ್ಲ. ಎದೆಯ ಮಾಂಸಕ್ಕೆ ಹೆಸರಾಯಿತು. ಇಂಗ್ಲೆಂಡಿನಲ್ಲಿ ಅದನ್ನು ‘ಇಂಡಿಯನ್ ಗೇಮ್’ ಎಂದರು. ಅಮೆರಿಕದ ತಳಿ ಪಟ್ಟಿಗೆ 1893ರಲ್ಲಿ ಸೇರಿದ ಈ ಕೋಳಿಯ ಹೆಸರು ಅಲ್ಲಿ 1910ರ ವೇಳೆಗೆ ಬರೀ ‘ಕಾರ್ನಿಷ್’ ಎಂದಾಯಿತು. ಹೆಸರಿನಿಂದ ಇಂಡಿಯಾ ಬಿದ್ದುಹೋಯಿತು.

ಇದೇ ಹೊತ್ತಿಗೆ ಹುಂಜವನ್ನು ಆರಿಸುವ ವಿದ್ಯೆಗೆ ಗಣಿತ ಸೇರತೊಡಗಿತು. ಮೆಂಡಲನ ನಿಯಮಗಳು ಬಟಾಣಿ ಗಿಡಕ್ಕಷ್ಟೇ ಅಲ್ಲ, ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂದು ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಯ ಜುಟ್ಟಿನಿಂದಲೇ. ಆದರೆ ತೂಕ ಜುಟ್ಟಿನಂತಲ್ಲ. ಇದೆ ಅಥವಾ ಇಲ್ಲ ಎಂಬ ಗುಣ ಅದಲ್ಲ. ನೂರಾರು ಜೀನುಗಳು, ಜೊತೆಗೆ ಮೇವು, ರೋಗ, ಹುಟ್ಟಿದ ಕಾಲ ಎಲ್ಲವೂ ಅದರಲ್ಲಿ ಕೈಯಾಡಿಸುತ್ತವೆ. ಎತ್ತರದ ತಂದೆತಾಯಿಯರ ಮಕ್ಕಳು ಎತ್ತರವೇ ಆದರೂ ಸರಾಸರಿಯ ಕಡೆಗೆ ಒಂದಿಷ್ಟು ಹಿಂದೆ ಸರಿಯುತ್ತಾರೆಂದು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಳೆದು ತೋರಿಸಿದ್ದ. ಮೆಂಡಲನ ಜೀನುಗಳಿಂದಲೇ ಈ ಹಿಂದೆ ಸರಿತ ಬರುತ್ತದೆಂದು 1918ರಲ್ಲಿ ರೊನಾಲ್ಡ್ ಫಿಶರ್ ಸಾಧಿಸಿದ. ಅದನ್ನು ದೊಡ್ಡಿಗೂ ಕೋಳಿಗೂಡಿಗೂ ತಂದವನು ಅಮೆರಿಕದ ಅಯೋವಾದ ಜೇ ಲಷ್. ಅವನ ಪುಸ್ತಕ ಬಂದದ್ದು 1937ರಲ್ಲಿ. ಸೂತ್ರ ಇಷ್ಟೇ:

ಒಂದು ಪೀಳಿಗೆಯಲ್ಲಿ ಆಗುವ ಬದಲಾವಣೆ = ಅನುವಂಶೀಯತೆಯ ಪ್ರಮಾಣ × ಆಯ್ಕೆಯ ಅಂತರ

ಆಯ್ಕೆಯ ಅಂತರವೆಂದರೆ ಆರಿಸಿದ ಪ್ರಾಣಿಗಳ ಸರಾಸರಿ ಇಡೀ ಹಿಂಡಿನ ಸರಾಸರಿಗಿಂತ ಎಷ್ಟು ಹೆಚ್ಚು ಎಂಬುದು. ಲೆಕ್ಕ ಮಾಡಿ ನೋಡಿ. ಒಂದೇ ವಯಸ್ಸಿನ ಹುಂಜಗಳ ಸರಾಸರಿ ತೂಕ 2 ಕಿಲೋಗ್ರಾಂ ಇದ್ದು, ನೀವು 2.6 ಕಿಲೋಗ್ರಾಂನದನ್ನು ಉಳಿಸಿಕೊಂಡಿರಿ. ಹೇಂಟೆಗಳನ್ನು ಆರಿಸಿಲ್ಲ. ಅಂತರ 0.6, ಹುಂಜದ ಪಾಲು ಅರ್ಧವಾದ್ದರಿಂದ 0.3. ಕೋಳಿಯ ತೂಕದ ಅನುವಂಶೀಯತೆಯನ್ನು 0.4 ಎಂದು ಹಿಡಿದರೆ (0.3ರಿಂದ 0.5ರ ನಡುವೆ ಬರುವುದು ಸಾಮಾನ್ಯ) ಮರಿಗಂಡುಗಳ ಸರಾಸರಿ 120 ಗ್ರಾಂ ಏರುತ್ತದೆ. ಈಗ ಮೊದಲು ಹೇಳಿದ ಮನೆಗೆ ಬನ್ನಿ. ದೊಡ್ಡವೆಲ್ಲ ಮಾರಾಟವಾಗಿ 1.7 ಕಿಲೋಗ್ರಾಂನ ಹುಂಜ ಉಳಿದಿದೆ. ಅದೇ ಸೂತ್ರ 60 ಗ್ರಾಂ ಇಳಿಕೆ ಎನ್ನುತ್ತದೆ. ವರ್ಷವರ್ಷವೂ ಇದೇ ನಡೆದರೆ ‘ಜವಾರಿ ಕೋಳಿ ಬೆಳೆಯುವುದಿಲ್ಲ’ ಎಂಬ ಮಾತು ಹುಟ್ಟುವುದರಲ್ಲಿ ಆಶ್ಚರ್ಯವೇನು? ತಪ್ಪನ್ನು ನಾವು ತಳಿಯ ಮೇಲೆ ಹೊರಿಸುತ್ತೇವೆ.

ಸೂತ್ರ ಸರಿಯಾದ ದಿಕ್ಕಿನಲ್ಲಿ ಬಳಕೆಯಾದಾಗ ಏನಾಯಿತು ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿನ ಕೃಷಿ ಇಲಾಖೆ ಮತ್ತು ಒಂದು ದೊಡ್ಡ ದಿನಸಿ ಮಳಿಗೆಯ ಸಂಸ್ಥೆ ಸೇರಿ 1946ರಿಂದ ‘ನಾಳೆಯ ಕೋಳಿ’ ಎಂಬ ಸ್ಪರ್ಧೆ ನಡೆಸಿದವು. ಆದರ್ಶ ಕೋಳಿಯ ಮೇಣದ ಮಾದರಿಯನ್ನೂ ಮಾಡಿಟ್ಟಿದ್ದರು. ಸ್ಪರ್ಧಿಗಳು ಕಳಿಸಿದ ಮೊಟ್ಟೆಗಳಿಗೆ ಒಂದೇ ಕಡೆ ಕಾವು ಕೊಟ್ಟು, ಒಂದೇ ಮೇವು ಹಾಕಿ, ತೂಗಿ ನೋಡಿದರು. ವಿದ್ಯಾರ್ಥಿಗಳು ಗಮನಿಸಬೇಕು: ಪರಿಸರವನ್ನು ಸಮ ಮಾಡಿದ್ದರಿಂದಲೇ ಉಳಿದ ವ್ಯತ್ಯಾಸವನ್ನು ತಳಿಯದೆಂದು ಹೇಳಲು ಸಾಧ್ಯವಾಯಿತು. 1948ರ ರಾಷ್ಟ್ರೀಯ ಸುತ್ತಿನಲ್ಲಿ ಗೆದ್ದದ್ದು ಕ್ಯಾಲಿಫೋರ್ನಿಯದ ಚಾರ್ಲ್ಸ್ ವ್ಯಾಂಟ್ರೆಸ್ ಸಾಕಿದ, ಕಾರ್ನಿಷ್ ರಕ್ತದ ಸಂಕರ ಕೋಳಿ. 1951ರಲ್ಲಿ ಮತ್ತೆ ಅವನದೇ ಗೆಲುವು. 1950ರ ದಶಕ ಮುಗಿಯುವಷ್ಟರಲ್ಲಿ ಅಮೆರಿಕದ ಬ್ರಾಯ್ಲರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅವನ ಹುಂಜಗಳ ಮಕ್ಕಳು. ಮುಂದೆ ಅವನ ಹೆಸರು ಕಾಬ್-ವ್ಯಾಂಟ್ರೆಸ್ ಕಂಪನಿಯ ಹೆಸರಿನಲ್ಲಿ ಉಳಿಯಿತು. ನಮ್ಮಲ್ಲಿ ‘ವೆನ್‌ಕಾಬ್’ ಎಂದು ಮಾರುವ ಬ್ರಾಯ್ಲರ್ ಆ ಕಾಬ್ ತಳಿಯದು. ಅಸೀಲ್‌ನ ಮರಿಮಕ್ಕಳು ಕಡಲು ಸುತ್ತಿ ಬಿಳಿ ರೆಕ್ಕೆ ತೊಟ್ಟು ಬಾಗಲಕೋಟೆಯ ಅಂಗಡಿಗೆ ಬಂದದ್ದು ಹೀಗೆ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಬದಲಾವಣೆಯನ್ನು ಅಳೆಯುತ್ತದೆ. 1957ರ ಮತ್ತು 1978ರ ತಳಿಗಳನ್ನು ಆಯ್ಕೆ ಮಾಡದೆ ಹಾಗೆಯೇ ಕಾಪಾಡಿಕೊಂಡು ಬಂದಿದ್ದರು. ಅವುಗಳ ಜೊತೆಗೆ 2005ರ ತಳಿಯನ್ನೂ ಸೇರಿಸಿ ಒಂದೇ ಮೇವಿನಲ್ಲಿ ಬೆಳೆಸಿದರು. 56ನೆಯ ದಿನದ ತೂಕ: 905 ಗ್ರಾಂ, 1,808 ಗ್ರಾಂ, 4,202 ಗ್ರಾಂ. ಇಲ್ಲಿ ಭೌತವಿಜ್ಞಾನಿಗೆ ಗೆಲಿಲಿಯೊ ನೆನಪಾಗುತ್ತಾನೆ. 1638ರ ತನ್ನ ಗ್ರಂಥದಲ್ಲಿ ಅವನು, ಪ್ರಾಣಿಯ ಆಕಾರ ಅದೇ ಅನುಪಾತದಲ್ಲಿ ಹಿಗ್ಗಿದರೆ ತೂಕ ಉದ್ದದ ಘನದಂತೆ, ಮೂಳೆಯ ಅಡ್ಡಕೊಯ್ತ ವರ್ಗದಂತೆ ಹೆಚ್ಚುತ್ತವೆ ಎಂದು ವಿವರಿಸಿದ್ದ. ತೂಕ 4.6 ಪಟ್ಟಾದರೆ ಉದ್ದ ಅದರ ಘನಮೂಲ, ಅಂದರೆ 1.67 ಪಟ್ಟು, ಕಾಲ್ಮೂಳೆಯ ಪ್ರತಿ ಚದರ ಮಿಲಿಮೀಟರ್ ಹೊರುವ ಭಾರವೂ ಅಷ್ಟೇ ಪಟ್ಟು ಏರುತ್ತದೆ. ಬ್ರಾಯ್ಲರ್ ಕುಂಟುವುದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಇದನ್ನು ಯಾವ ಮೇವೂ ಅಳಿಸಲಾರದು. ಬ್ರಾಯ್ಲರ್‌ನ ತಂದೆತಾಯಿ ಕೋಳಿಗಳಿಗೆ ಹೊಟ್ಟೆತುಂಬ ಮೇವು ಕೊಟ್ಟರೆ ಅವು ಮೊಟ್ಟೆಯಿಡುವ, ಕೂಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ಹಾಗಾಗಿ ಅಳೆದು ಹಾಕಬೇಕು. ಅಂಗಡಿಯ ಬ್ರಾಯ್ಲರ್ ಹುಂಜವೊಂದನ್ನು ತಂದು ಜವಾರಿ ಹೇಂಟೆಗಳ ನಡುವೆ ಬಿಟ್ಟರೆ ತಳಿ ಸುಧಾರಿಸೀತು ಎಂದುಕೊಂಡವರಿಗೆ ಇದು ಉತ್ತರ.

ನಮ್ಮ ದೇಶದ ವಿಜ್ಞಾನಿಗಳು ಹಿತ್ತಲಿಗೆ ತಕ್ಕ ಕೋಳಿಗಾಗಿ ಬೇರೆ ದಾರಿ ಹಿಡಿದರು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ‘ಗಿರಿರಾಜ’, ಅದರ ನಂತರ ‘ಸ್ವರ್ಣಧಾರ’ ರೂಪುಗೊಂಡವು. ಹೈದರಾಬಾದಿನ ರಾಜೇಂದ್ರನಗರದಲ್ಲಿ 1988ರಲ್ಲಿ ಆರಂಭವಾದ ಕುಕ್ಕುಟ ಸಂಶೋಧನಾ ಕೇಂದ್ರದ ‘ವನರಾಜ’ ನನಗೆ ಹೆಚ್ಚು ಸ್ವಾರಸ್ಯಕರವಾಗಿ ಕಾಣುತ್ತದೆ. ಅದರ ತಂದೆಯ ಕವಲು ಕೆಂಪು ಕಾರ್ನಿಷ್ ಮೂಲದ್ದು. ಆ ಕವಲಿನಲ್ಲಿ ಹುಂಜವನ್ನು ಆರಿಸಲು ಅವರು ಬಳಸಿದ ಮುಖ್ಯ ಅಳತೆ ಆರನೆಯ ವಾರದಲ್ಲಿ ಕಣಕಾಲಿನ ಉದ್ದ, ಅಂದರೆ ಪುಕ್ಕವಿಲ್ಲದೆ ಹೊರಗೆ ಕಾಣುವ ಕಾಲಿನ ಭಾಗ. ಕಾಲಿನ ಉದ್ದಕ್ಕೂ ತೂಕಕ್ಕೂ ನಂಟಿರುವುದರಿಂದ ತೂಕವೂ ಜೊತೆಗೇ ಏರುತ್ತದೆ. ಆದರೆ ಉದ್ದ ಕಾಲಿನ ಕೋಳಿ ನಾಯಿ, ಮುಂಗುಸಿಗಳಿಂದ ಓಡಿ ತಪ್ಪಿಸಿಕೊಳ್ಳಬಲ್ಲದು. ಅಮೆರಿಕದವರು ಎದೆಯನ್ನು ನೋಡಿದರು, ಇವರು ಕಾಲನ್ನು ನೋಡಿದರು. ಏನನ್ನು ಅಳೆಯುತ್ತೀರೋ ಅದರತ್ತ ತಳಿ ಸಾಗುತ್ತದೆ. ಒಂದು ಎಚ್ಚರಿಕೆ: ವನರಾಜ ಎರಡು ಕವಲುಗಳ ಸಂಕರ. ಅದರ ಮರಿಗಳಲ್ಲಿ ಗುಣಗಳು ಚದುರುವುದರಿಂದ ಅದನ್ನೇ ಬೀಜದ ಹುಂಜವಾಗಿ ಇಟ್ಟುಕೊಳ್ಳುವುದು ಸರಿಯಲ್ಲ. ಅದರ ಹೇಂಟೆಗಳು ಕಾವಿಗೆ ಕೂರುವುದೂ ಅಪರೂಪ. ಮರಿ ಮಾಡಿಸಲು ಮತ್ತೆ ಜವಾರಿ ಹೇಂಟೆಯೇ ಬೇಕು!

ಹಾಗಾಗಿ ಜವಾರಿ ಹಿಂಡನ್ನು ಹಿಂಡಾಗಿಯೇ ಉಳಿಸಿಕೊಳ್ಳುವ ಕೆಲಸ ಬಾಕಿಯಿದೆ. ಅಸೀಲ್‌ಗೆ, ಕರ್ನಾಟಕ-ಆಂಧ್ರಗಳ ‘ಘಾಗಸ್’ ತಳಿಗೆ ರಾಷ್ಟ್ರೀಯ ನೋಂದಣಿಯ ಗೌರವವಿದೆ. ಹುನ್ನೂರಿನ ಹಿತ್ತಲಿನ ಕೋಳಿಗೆ ಅಂಥ ಹೆಸರಿಲ್ಲ. ಅದರ ಕಾವಲು ಸಾಕುವವರದೇ. ಇಲ್ಲಿ ಎರಡನೆಯ ಲೆಕ್ಕವೊಂದು ಎದುರಾಗುತ್ತದೆ. ಒಳ್ಳೆಯ ಹುಂಜ ಸಿಕ್ಕಿತೆಂದು ಅದೊಂದನ್ನೇ ಇಟ್ಟುಕೊಂಡರೆ ಮುಂದೆ ಅದರ ಮಗಳಿಗೂ ಅದೇ ಗಂಡು. ಸೀವಾಲ್ ರೈಟ್ 1931ರಲ್ಲಿ ಕೊಟ್ಟ ಸೂತ್ರದಂತೆ ಹಿಂಡಿನ ಪರಿಣಾಮಕಾರಿ ಸಂಖ್ಯೆ, ಗಂಡು ಹೆಣ್ಣುಗಳ ಗುಣಲಬ್ಧದ ನಾಲ್ಕು ಪಟ್ಟನ್ನು ಅವುಗಳ ಮೊತ್ತದಿಂದ ಭಾಗಿಸಿದಷ್ಟು. ಒಂದು ಹುಂಜ, ಹತ್ತು ಹೇಂಟೆ: 40ನ್ನು 11ರಿಂದ ಭಾಗಿಸಿದರೆ 3.6. ಕಣ್ಣಿಗೆ ಹನ್ನೊಂದು ಕೋಳಿ ಕಂಡರೂ ಜೀನುಗಳ ಲೆಕ್ಕದಲ್ಲಿ ನಾಲ್ಕೂ ಇಲ್ಲ. ಒಳಸಂತಾನದ ಪ್ರಮಾಣ ಪೀಳಿಗೆಗೆ ಸುಮಾರು ಶೇಕಡಾ 14ರಂತೆ ಏರುತ್ತದೆ. ಮೊಟ್ಟೆ ಒಡೆಯದಿರುವುದು, ಮರಿ ಸಾಯುವುದು ಮೊದಲ ಲಕ್ಷಣಗಳು. ಎರಡು ಹುಂಜಗಳಿದ್ದರೆ ಅದು ಶೇಕಡಾ 7.5ಕ್ಕೆ ಇಳಿಯುತ್ತದೆ. ಬೇಲಿಯಿಲ್ಲದ ಹಿತ್ತಲಲ್ಲಿ ನೆರೆಮನೆಯ ಹುಂಜವೂ ಸುಳಿದಾಡುವುದರಿಂದ ನಮ್ಮ ಊರುಗಳು ಇಷ್ಟುಕಾಲ ಬಚಾವಾಗಿವೆ.

ಶಾಲೆಯ ವಿಜ್ಞಾನ ಸಂಘವೊಂದು ಇದನ್ನು ಮಾಡಿ ನೋಡಬಹುದು. ಮೂರು ಮನೆಗಳನ್ನು ಗೊತ್ತುಮಾಡಿಕೊಳ್ಳಿ. ಪ್ರತಿ ಮನೆಯ ಹೇಂಟೆಮರಿಗಳು ಅಲ್ಲಲ್ಲೇ ಉಳಿಯಲಿ. ಆರಿಸಿದ ಹುಂಜದ ಮರಿಗಳು ಮಾತ್ರ ಪ್ರತಿ ಪೀಳಿಗೆಯಲ್ಲಿ ಮೊದಲ ಮನೆಯಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ, ಮೂರನೆಯದರಿಂದ ಮೊದಲನೆಯದಕ್ಕೆ ಹೋಗಲಿ. ಕಾಲಿಗೆ ಬಣ್ಣದ ದಾರ, ಒಂದು ತಕ್ಕಡಿ, ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್, ಒಂದು ನೋಟುಪುಸ್ತಕ ಸಾಕು. ಒಂದೇ ವಾರದಲ್ಲಿ ಒಡೆದ ಮರಿಗಳನ್ನು ಮಾತ್ರ ಹೋಲಿಸಿ. ಬೆಳಿಗ್ಗೆ ನುಚ್ಚು ಹಾಕುವ ಮೊದಲು ತೂಗಿ. ಎರಡು ಸಲ ಅಳೆದು ಸರಾಸರಿ ಬರೆಯಿರಿ. ಆರನೆಯ ವಾರದ ಅಳತೆ ತಪ್ಪಿಹೋದರೆ ಎಂಟನೆಯ ವಾರದ್ದನ್ನು ಅದರ ಜಾಗದಲ್ಲಿ ತುಂಬಬೇಡಿ, ಮುಂದಿನ ಕಾವಿನ ಮರಿಗಳಿಗೆ ಕಾಯಿರಿ. ಜಾತ್ರೆಯ ದಿನಾಂಕವನ್ನು ಮೊದಲೇ ಗುರುತು ಹಾಕಿಟ್ಟುಕೊಂಡು, ಆರಿಸಿದ ಹುಂಜಗಳನ್ನು ಅದಕ್ಕೂ ಮುಂಚೆಯೇ ಪಕ್ಕದ ಮನೆಗೆ ಸಾಗಿಸಿಬಿಡುವುದು ಒಳ್ಳೆಯದು.