ತಿಳವಳ್ಳಿಯ ತಟ್ಟೆಯಲ್ಲಿ ಚರಿತ್ರೆ

ಹಾನಗಲ್ ತಾಲ್ಲೂಕಿನ ತಿಳವಳ್ಳಿ ಅರೆಮಲೆನಾಡಿನ ಊರು. ಗದ್ದೆಯ ಭತ್ತ, ಬಯಲುಸೀಮೆಯ ಜೋಳ ಇಲ್ಲಿ ಒಂದೇ ತಟ್ಟೆಯಲ್ಲಿ ಕೂಡುತ್ತವೆ. ರೊಟ್ಟಿಯಿಂದ ತೊಡಗಿದ ಊಟ ಅನ್ನದಲ್ಲಿ ಮುಗಿಯುತ್ತದೆ.

ಊರಿನ ಶಾಂತೇಶ್ವರ ದೇವಾಲಯ 13ನೆಯ ಶತಮಾನದ್ದು, ದೇವಗಿರಿಯ ಸೇವುಣರ ಕಾಲದ್ದು. ಅದನ್ನು ಕಟ್ಟಿದವರಿಗೆ ಅನ್ನವೂ ಜೋಳವೂ ಗೊತ್ತಿದ್ದವು. ಹಳಗನ್ನಡದಲ್ಲಿ ಯೋಧನ ಅನ್ನದ ಋಣಕ್ಕೆ ‘ಜೋಳವಾಳಿ’ ಎಂದೇ ಹೆಸರು. ಆದರೆ ಖಾರಕ್ಕೆ ಅವರಿಗಿದ್ದುದು ಕಾಳುಮೆಣಸು. ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗಿನಲ್ಲಿ 16ನೆಯ ಶತಮಾನದಲ್ಲಿ ಬಂದಿತು. ಇಂದು ನೆರೆಯ ಬ್ಯಾಡಗಿಗೆ ಅದೇ ಕೀರ್ತಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು.

ಮೆಕ್ಕೆಜೋಳವೂ ಅದೇ ಖಂಡದಿಂದ ಬಂದದ್ದು. ಈಗ ಹಾವೇರಿ ಜಿಲ್ಲೆಯ ಹೊಲಗಳನ್ನೆಲ್ಲ ಅದು ಹಬ್ಬುತ್ತಿದೆ. ಮೆಣಸಿನಕಾಯಿ ತಟ್ಟೆಯೊಳಕ್ಕೆ ಬಂದು ನಮ್ಮದಾಯಿತು. ಮೆಕ್ಕೆಜೋಳ ಹೆಚ್ಚಾಗಿ ಕೋಳಿಮೇವಾಗಿ ಊರು ಬಿಡುತ್ತದೆ. ಅದು ಬೆಳೆದಲ್ಲಿ ಭತ್ತ, ಜೋಳ ಹಿಂದೆ ಸರಿಯುತ್ತವೆ.